ಮೊದಲನೇ ಮಹಾಯುದ್ಧ: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯಲ್ಲಿ ನಾವೆಲ್ಲ ಐದು ಅಂಕಕ್ಕೆ ಬಾಯಿಪಾಠ ಮಾಡಿದ ವಿಷಯ ಇದು. ‘ಕಾರಣಗಳು’ ಅಂತ ಆರು ಸಾಲು, ‘ಪರಿಣಾಮಗಳು’ ಅಂತ ಆರು ಸಾಲು. ಬರೆದು ಬಂದ ಮೇಲೆ ಮರೆತೆವು. ಆಮೇಲೆ ಮನೆಯ ಮಕ್ಕಳು ಅದೇ ಪಾಠ ಓದುತ್ತಾ ಕೂತು ಪ್ರಶ್ನೆ ಕೇಳುತ್ತಾರೆ. ಆಗ ಗೊತ್ತಾಗುತ್ತದೆ, ನಮಗೆ ಉತ್ತರ ಬಾಯಿಗೆ ಬರುತ್ತಿತ್ತು, ವಿಷಯ ಬರುತ್ತಿರಲಿಲ್ಲ ಅಂತ. ಹಾಗೆ ಕೇಳಿದ ಪ್ರಶ್ನೆಗಳು ಇಲ್ಲಿವೆ.

ಒಬ್ಬ ಯುವರಾಜನನ್ನು ಕೊಂದಿದ್ದಕ್ಕೆ ಇಷ್ಟು ದೊಡ್ಡ ಯುದ್ಧ ಆಯಿತಾ?

ಕೊಲೆ ಆಗಿದ್ದು ನಿಜ. 1914ರ ಜೂನ್ 28, ಭಾನುವಾರ. ಊರು ಬೋಸ್ನಿಯಾದ ಸರಯೇವೊ. ಸತ್ತವರು ಆಸ್ಟ್ರಿಯಾ-ಹಂಗೆರಿಯ ಯುವರಾಜ ಫ್ರಾಂಜ್ ಫರ್ಡಿನೆಂಡ್ ಮತ್ತು ಅವನ ಹೆಂಡತಿ ಸೋಫಿ. ಕೊಂದವನು ಗವ್ರಿಲೊ ಪ್ರಿನ್ಸಿಪ್, ಬೋಸ್ನಿಯಾದ 19 ವರ್ಷದ ಸರ್ಬ್ ಹುಡುಗ.

ಆ ಬೆಳಗಿನ ಕತೆ ಕೇಳಿದರೆ ಇದು ನಡೆದದ್ದೇ ಆಶ್ಚರ್ಯ ಅನಿಸುತ್ತದೆ. ಮೊದಲು ಪ್ರಿನ್ಸಿಪ್‌ನ ಜೊತೆಗಾರನೊಬ್ಬ ಬಾಂಬ್ ಎಸೆದ. ಅದು ಯುವರಾಜನ ಕಾರಿಗೆ ತಗಲಿ ಆಚೆ ಬಿದ್ದು ಹಿಂದಿನ ಕಾರಿನವರು ಗಾಯಗೊಂಡರು. ಯುವರಾಜ ಪುರಭವನಕ್ಕೆ ಹೋಗಿ ಕಾರ್ಯಕ್ರಮ ಮುಗಿಸಿ, ಗಾಯಗೊಂಡವರನ್ನು ನೋಡಲು ಆಸ್ಪತ್ರೆಗೆ ಹೊರಟ. ದಾರಿ ಬದಲಾಗಿದೆ ಅಂತ ಡ್ರೈವರ್‌ಗೆ ಯಾರೂ ಹೇಳಿರಲಿಲ್ಲ. ಅವನು ಹಳೇ ದಾರಿಗೇ ತಿರುಗಿಸಿದ. ‘ಈ ಕಡೆ ಅಲ್ಲ’ ಅಂದ ಕೂಡಲೇ ಕಾರು ನಿಲ್ಲಿಸಿದ. ನಿಂತ ಜಾಗದಲ್ಲೇ ಪ್ರಿನ್ಸಿಪ್ ಇದ್ದ. ಎರಡು ಗುಂಡು, ಕೆಲಸ ಮುಗಿಯಿತು.

(ಅವನು ಆಗ ಸ್ಯಾಂಡ್‌ವಿಚ್ ತಿನ್ನುತ್ತಿದ್ದ ಅಂತ ಒಂದು ಕತೆ ಓಡಾಡುತ್ತದೆ. ಅದು ಸುಮ್ನೆ ಯಾರೋ ಕಟ್ಟಿದ್ದು.)

ಆದರೆ ಆ ಕಾಲದಲ್ಲಿ ರಾಜರ, ಮಂತ್ರಿಗಳ ಕೊಲೆ ಅಪರೂಪವೇನೂ ಆಗಿರಲಿಲ್ಲ. ಬೇರೆ ಯಾವ ಕೊಲೆಗೂ ಮಹಾಯುದ್ಧ ಆಗಲಿಲ್ಲ. ಪರೀಕ್ಷೆಯಲ್ಲಿ ಇದನ್ನು ‘ತಕ್ಷಣದ ಕಾರಣ’ ಅಂತ ಬರೆಸುತ್ತಾರೆ. ನನಗೆ ಕೇಳಿದರೆ ಇದು ಕಾರಣಕ್ಕಿಂತ ಜಾಸ್ತಿ ನೆಪ. ಪಕ್ಕದ ಸರ್ಬಿಯಾಕ್ಕೆ ಒಂದು ಪಾಠ ಕಲಿಸಬೇಕು ಅಂತ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ಕೆಲವರು ವರ್ಷಗಳಿಂದ ಕಾಯುತ್ತಿದ್ದರು.

ಕೊಲೆ ಜೂನ್‌ನಲ್ಲಿ, ಯುದ್ಧ ಆಗಸ್ಟ್‌ನಲ್ಲಿ. ನಡುವೆ ಏನು ಮಾಡುತ್ತಿದ್ದರು?

ಕೇಳಲೇಬೇಕಾದ ಪ್ರಶ್ನೆ ಇದು, ಪಠ್ಯದಲ್ಲಿ ಒಂದು ಸಾಲೂ ಇರುವುದಿಲ್ಲ. ಯುದ್ಧ ಹುಟ್ಟಿದ್ದು ಈ ಐದು ವಾರದಲ್ಲಿ.

ಜುಲೈ ಮೊದಲ ವಾರ ಆಸ್ಟ್ರಿಯಾದವರು ಬರ್ಲಿನ್‌ಗೆ ಹೋಗಿ ‘ನಾವು ಸರ್ಬಿಯಾ ಮೇಲೆ ಬಿದ್ದರೆ ನೀವು ಜೊತೆಗಿರ್ತೀರಾ?’ ಅಂತ ಕೇಳಿದರು. ಜರ್ಮನಿಯ ಚಕ್ರವರ್ತಿ ಎರಡನೇ ವಿಲ್ಹೆಲ್ಮ್ ಹೂಂ ಅಂದ. ಮೊತ್ತ ಬರೆಯದೆ ಸಹಿ ಹಾಕಿ ಕೊಟ್ಟ ಚೆಕ್ಕಿನ ಥರ. ಅಷ್ಟು ಮಾಡಿ ಹಡಗು ಹತ್ತಿ ರಜೆಗೆ ನಾರ್ವೆ ಕಡೆ ಹೋದ.

ಜುಲೈ 23ರಂದು ಆಸ್ಟ್ರಿಯಾ ಸರ್ಬಿಯಾಕ್ಕೆ ಷರತ್ತುಗಳ ಪಟ್ಟಿ ಕಳಿಸಿತು. ಗಡುವು 48 ಗಂಟೆ. ಸರ್ಬಿಯಾ ಹೆಚ್ಚುಕಡಿಮೆ ಎಲ್ಲಕ್ಕೂ ತಲೆಬಾಗಿತು. ನಮ್ಮ ನೆಲದಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ಬಂದು ತನಿಖೆ ಮಾಡುವುದು ಮಾತ್ರ ಬೇಡ ಅಂತ ಹೇಳಿತು. ರಜೆ ಮುಗಿಸಿ ಬಂದ ವಿಲ್ಹೆಲ್ಮ್ ಆ ಉತ್ತರ ಓದಿ, ಇನ್ನು ಯುದ್ಧಕ್ಕೆ ಕಾರಣವೇ ಉಳಿದಿಲ್ಲ ಅಂತ ಬರೆದಿಟ್ಟ. ಅದು ಜುಲೈ 28. ಅದೇ ದಿನ ಆಸ್ಟ್ರಿಯಾ ಟೆಲಿಗ್ರಾಂ ಕಳಿಸಿ ಯುದ್ಧ ಸಾರಿತು!

ಅಲ್ಲಿಂದ ಮುಂದೆ ಎಲ್ಲ ದಡಬಡ. ಸರ್ಬಿಯಾ ಪರ ರಷ್ಯಾ ಸೈನ್ಯ ಜಮಾಯಿಸಿತು. ಆಗಸ್ಟ್ 1ಕ್ಕೆ ಜರ್ಮನಿ ರಷ್ಯಾ ಮೇಲೆ, 3ಕ್ಕೆ ಫ್ರಾನ್ಸ್ ಮೇಲೆ ಯುದ್ಧ ಸಾರಿತು. 4ಕ್ಕೆ ಬೆಲ್ಜಿಯಂಗೆ ನುಗ್ಗಿತು. ಆ ರಾತ್ರಿಯೇ ಬ್ರಿಟನ್ ಕೂಡ ಇಳಿಯಿತು. ಒಂದು ವಾರದಲ್ಲಿ ಯುರೋಪಿನ ಐದು ದೊಡ್ಡ ಶಕ್ತಿಗಳು ಕಣದಲ್ಲಿ.

ಜಗಳ ರಷ್ಯಾ ಜೊತೆ. ಜರ್ಮನಿ ಬೆಲ್ಜಿಯಂಗೆ ಯಾಕೆ ನುಗ್ಗಿತು?

ಯೋಜನೆ ಹಾಗಿತ್ತು ಅಂತ! ಶ್ಲೀಫೆನ್ ಅನ್ನುವ ಸೇನಾಧಿಕಾರಿಯ ಹೆಸರಿನ ಹಳೇ ಯೋಜನೆ. ಎರಡು ಕಡೆ ಶತ್ರು ಇದ್ದರೆ ಮೊದಲು ಬೆಲ್ಜಿಯಂ ಮೂಲಕ ಸುತ್ತಿ ಬಂದು ಫ್ರಾನ್ಸನ್ನು ಕೆಲವೇ ವಾರದಲ್ಲಿ ಮುಗಿಸಬೇಕು. ರಷ್ಯಾ ದೊಡ್ಡ ದೇಶ, ಸೈನ್ಯ ಸೇರಿಸಲು ತಡವಾಗುತ್ತದೆ. ಅಷ್ಟರಲ್ಲಿ ರೈಲಿನಲ್ಲಿ ಸೈನ್ಯವನ್ನು ಆ ಕಡೆ ಸಾಗಿಸಬಹುದು.

ಆಗಸ್ಟ್ 1ರ ಸಂಜೆ ವಿಲ್ಹೆಲ್ಮ್‌ಗೆ ಹಿಂಜರಿಕೆ ಬಂತು. ಫ್ರಾನ್ಸ್ ಬಿಟ್ಟು ರಷ್ಯಾ ಕಡೆಗಷ್ಟೇ ಸೈನ್ಯ ಕಳಿಸೋಣವೇ ಅಂತ ಕೇಳಿದ. ಸಾವಿರಾರು ರೈಲುಗಳ ವೇಳಾಪಟ್ಟಿ ವರ್ಷಗಟ್ಟಲೆ ಕೂತು ಮಾಡಿದ್ದು, ಈಗ ಬದಲಾಯಿಸಲು ಆಗುವುದಿಲ್ಲ ಅಂದ ಸೇನಾ ಮುಖ್ಯಸ್ಥ ಮೋಲ್ಟ್‌ಕೆ. ಚಕ್ರವರ್ತಿಯ ಮಾತಿಗಿಂತ ರೈಲ್ವೆ ಟೈಮ್‌ಟೇಬಲ್ ದೊಡ್ಡದಾಯಿತು.

ಬೆಲ್ಜಿಯಂ ಯಾರ ತಂಟೆಗೂ ಹೋಗಿರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದ ಹಾಗಾಯಿತು. ಅದನ್ನು ಯಾರೂ ಮುಟ್ಟಬಾರದು ಅಂತ 1839ರಲ್ಲೇ ದೊಡ್ಡ ದೇಶಗಳು ಒಪ್ಪಂದ ಮಾಡಿದ್ದವು. ಬ್ರಿಟನ್ ಅದನ್ನೇ ಹಿಡಿದು ಯುದ್ಧಕ್ಕೆ ಬಂತು. ಸಮುದ್ರದ ಎದುರು ದಡವೆಲ್ಲ ಜರ್ಮನಿಯ ಕೈ ಸೇರೀತು ಅನ್ನುವ ಭಯವೂ ಅಷ್ಟೇ ಇತ್ತು.

ಹಿಂದಿನ ಕಾರಣಗಳು ಅಂತ ಓದುತ್ತೇವಲ್ಲ, ಕೂಟಗಳು, ಶಸ್ತ್ರಾಸ್ತ್ರ ಸ್ಪರ್ಧೆ. ಅವೆಲ್ಲ ಸುಳ್ಳಾ?

ಸುಳ್ಳಲ್ಲ. ಆದರೆ ಅವು ಒಣ ಸೌದೆ ಮಾತ್ರ.

ಕೂಟಗಳ ವಿಷಯ ಹೀಗೆ. 1882ರಲ್ಲಿ ಜರ್ಮನಿ, ಆಸ್ಟ್ರಿಯಾ-ಹಂಗೆರಿ, ಇಟಲಿ ಒಂದಾದವು. ಈ ಕಡೆ ಫ್ರಾನ್ಸ್ ಮತ್ತು ರಷ್ಯಾ ಕೈ ಜೋಡಿಸಿದವು. ಬ್ರಿಟನ್ 1904ರಲ್ಲಿ ಫ್ರಾನ್ಸ್ ಜೊತೆ, 1907ರಲ್ಲಿ ರಷ್ಯಾ ಜೊತೆ ಹಳೇ ತಕರಾರು ಬಗೆಹರಿಸಿಕೊಂಡಿತು. ಹೆದರಿಸಿಟ್ಟರೆ ಯಾರೂ ಯುದ್ಧಕ್ಕೆ ಬರುವುದಿಲ್ಲ ಅನ್ನುವುದು ಎಲ್ಲರ ಲೆಕ್ಕ. ಇಟಲಿಯಂತೂ ಯುದ್ಧ ಬಂದಾಗ ಜಾರಿಕೊಂಡು, 1915ರಲ್ಲಿ ಎದುರು ಪಾಳಯ ಸೇರಿತು. ಅಂದಮೇಲೆ ಕೂಟದ ಕಾಗದ ಯಾರನ್ನೂ ಕಟ್ಟಿಹಾಕಿರಲಿಲ್ಲ, ಅಲ್ವಾ?

ಶಸ್ತ್ರಾಸ್ತ್ರದಲ್ಲಿ ಸೇರಿಗೆ ಸವ್ವಾಸೇರು ಆಟ. 1906ರಲ್ಲಿ ಬ್ರಿಟನ್ ‘ಡ್ರೆಡ್‌ನಾಟ್’ ಅನ್ನುವ ದೈತ್ಯ ಹಡಗು ಇಳಿಸಿತು. ಜರ್ಮನಿ ತಾನೂ ಅಂಥದ್ದೇ ಕಟ್ಟಲು ಶುರು ಮಾಡಿತು.

ಇವೆರಡಕ್ಕಿಂತ, ಸರ್ಬಿಯಾ, ಬೋಸ್ನಿಯಾ ಎಲ್ಲ ಇರುವ ಬಾಲ್ಕನ್ ಪ್ರದೇಶದ ಕಾವು ಜಾಸ್ತಿ. ತುರ್ಕಿಯ ಆಟೊಮನ್ ಸಾಮ್ರಾಜ್ಯ ಹಿಂದೆ ಸರಿಯುತ್ತಿತ್ತು. ಅದು ಬಿಟ್ಟ ಜಾಗಕ್ಕೆ ಆಸ್ಟ್ರಿಯಾ, ರಷ್ಯಾ, ಸರ್ಬಿಯಾ ಎಲ್ಲ ಕಣ್ಣಿಟ್ಟಿದ್ದವು. 1908ರಲ್ಲಿ ಆಸ್ಟ್ರಿಯಾ ಬೋಸ್ನಿಯಾವನ್ನು ಸೇರಿಸಿಕೊಂಡಿತು. 1912–13ರಲ್ಲಿ ಅಲ್ಲಿ ಎರಡು ಯುದ್ಧಗಳೇ ಆದವು. ಅವು ಹೊರಗೆ ಹರಡಲಿಲ್ಲ. ಮೂರನೆಯದೂ ಹರಡುವುದಿಲ್ಲ ಅಂದುಕೊಂಡರು.

ರಾಜರೆಲ್ಲ ಸಂಬಂಧಿಕರೇ ಆಗಿದ್ದರಂತೆ?

ಹೌದು. ಜರ್ಮನಿಯ ವಿಲ್ಹೆಲ್ಮ್, ಬ್ರಿಟನ್ನಿನ ಐದನೇ ಜಾರ್ಜ್ ಇಬ್ಬರೂ ವಿಕ್ಟೋರಿಯಾ ರಾಣಿಯ ಮೊಮ್ಮಕ್ಕಳು. ರಷ್ಯಾದ ಎರಡನೇ ನಿಕೊಲಸ್‌ನ ಹೆಂಡತಿ ಅದೇ ರಾಣಿಯ ಮೊಮ್ಮಗಳು. ಕೊನೆಯ ದಿನಗಳಲ್ಲಿ ವಿಲ್ಹೆಲ್ಮ್ ಮತ್ತು ನಿಕೊಲಸ್ ‘ವಿಲ್ಲಿ’, ‘ನಿಕ್ಕಿ’ ಅಂತ ಸಹಿ ಹಾಕಿ ಟೆಲಿಗ್ರಾಂ ಕಳಿಸಿಕೊಳ್ಳುತ್ತಿದ್ದರು. ಏನೂ ಪ್ರಯೋಜನ ಆಗಲಿಲ್ಲ. ದಾಯಾದಿ ಜಗಳದ ಬಗ್ಗೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ ಬಿಡಿ.

ಕೊನೆಗೂ ತಪ್ಪು ಯಾರದು?

ನೂರು ವರ್ಷದಿಂದ ಇತಿಹಾಸಕಾರರು ಇದಕ್ಕೇ ಕಿತ್ತಾಡುತ್ತಿದ್ದಾರೆ. ಜರ್ಮನಿಯ ಫ್ರಿಟ್ಜ್ ಫಿಷರ್ 1961ರಲ್ಲಿ ತಪ್ಪು ತಮ್ಮ ದೇಶದ್ದೇ ಅಂದಾಗ ಅಲ್ಲಿ ದೊಡ್ಡ ಗದ್ದಲವೇ ಆಯಿತು. ನನ್ನ ಅನಿಸಿಕೆ ಇಷ್ಟು: ವಿಯೆನ್ನಾ, ಬರ್ಲಿನ್‌ಗಳ ಪಾಲು ಜಾಸ್ತಿ. ಮಹಾಯುದ್ಧವೇ ಬೇಕು ಅಂತ ಯಾರೂ ಕೂತಿರಲಿಲ್ಲ. ಒಂದು ಚಿಕ್ಕ, ಅಗ್ಗದ, ಬೇಗ ಮುಗಿಯುವ ಯುದ್ಧ ಬೇಕಾಗಿತ್ತು. ಲೆಕ್ಕ ಹಾಕಿದವರು ಒಂದು ಕಡೆ, ಬಿಲ್ಲು ಕಟ್ಟಿದವರು ಇನ್ನೊಂದು ಕಡೆ.

ಕ್ರಿಸ್‌ಮಸ್ ಒಳಗೆ ಮುಗಿಯುತ್ತದೆ ಅಂದಿದ್ದು ನಾಲ್ಕು ವರ್ಷ ಯಾಕೆ ಎಳೆಯಿತು?

ನುಗ್ಗುವವನಿಗಿಂತ ಕಾಯುವವನ ಕೈ ಮೇಲಾಗಿತ್ತು. ಮೆಷಿನ್ ಗನ್, ಮುಳ್ಳುತಂತಿ, ಫಿರಂಗಿ. ಇವುಗಳ ಎದುರು ಬಯಲಲ್ಲಿ ನಡೆದು ಬರುವ ಮನುಷ್ಯ ಉಳಿಯುವುದಿಲ್ಲ. 1914ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಓಟ ಪ್ಯಾರಿಸ್ ಹತ್ತಿರದ ಮಾರ್ನ್ ನದಿಯ ಬಳಿ ನಿಂತಿತು. ಎರಡೂ ಕಡೆಯವರು ಮಣ್ಣು ತೋಡಿ ಕಂದಕದಲ್ಲಿ ಇಳಿದರು. ಸ್ವಿಟ್ಜರ್‌ಲೆಂಡ್ ಗಡಿಯಿಂದ ಸಮುದ್ರದವರೆಗೆ ಕಂದಕದ ಸಾಲು. ಕೆಸರು, ಇಲಿ, ಹೇನು, ಕೊಳೆಯುವ ಕಾಲು.

1916ರ ಜುಲೈ 1ರಂದು ಸೊಮ್ ನದಿಯ ಬಳಿ ಬ್ರಿಟಿಷರು ದಾಳಿ ಶುರು ಮಾಡಿದರು. ಅದಕ್ಕೂ ಮುಂಚೆ ಒಂದು ವಾರ ಶೆಲ್ ಮಳೆ ಸುರಿಸಿದ್ದರು. ಎದುರು ಯಾರೂ ಬದುಕಿರುವುದಿಲ್ಲ ಅಂತ ಸೈನಿಕರಿಗೆ ಹೇಳಿದ್ದರು. ಜರ್ಮನ್ನರು ಆಳದ ನೆಲಮಾಳಿಗೆಗಳಲ್ಲಿ ಕೂತಿದ್ದರು. ಶೆಲ್ ನಿಂತ ಕೂಡಲೇ ಮೇಲೆ ಬಂದು ಮೆಷಿನ್ ಗನ್ ಹಿಡಿದರು. ಆ ಒಂದು ದಿನದಲ್ಲಿ 19,240 ಬ್ರಿಟಿಷ್ ಸೈನಿಕರು ಸತ್ತರು. ಅದೇ ವರ್ಷ ವೆರ್ಡನ್‌ನಲ್ಲಿ ಹತ್ತು ತಿಂಗಳ ಕಾಳಗ. ಎರಡೂ ಕಡೆ ಸೇರಿ ಸುಮಾರು 3 ಲಕ್ಷ ಸಾವು. ಗಡಿ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು.

ಈ ಬಿಕ್ಕಟ್ಟು ಮುರಿಯಲು ಹೊಸ ಹೊಸ ಆಯುಧ ಬಂದವು. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ ಹತ್ತಿರ ಜರ್ಮನಿ ಕ್ಲೋರಿನ್ ಗ್ಯಾಸ್ ಬಿಟ್ಟಿತು. 1916ರಲ್ಲಿ ಬ್ರಿಟಿಷರು ಟ್ಯಾಂಕ್ ತಂದರು. ಯುದ್ಧ ಮುಗಿಸಿದ್ದು ಇವು ಮಾತ್ರ ಅಲ್ಲ, ಹಸಿವೂ ಹೌದು. ಬ್ರಿಟಿಷ್ ನೌಕಾಪಡೆ ಸಮುದ್ರ ಮುಚ್ಚಿತ್ತು. 1916–17ರ ಚಳಿಗಾಲದಲ್ಲಿ ಜರ್ಮನ್ನರು ಆಲೂಗಡ್ಡೆಯೂ ಸಿಗದೆ ದನಕ್ಕೆ ಹಾಕುವ ಟರ್ನಿಪ್ ಗೆಡ್ಡೆ ತಿಂದರು.

ಅಮೆರಿಕ ಯಾಕೆ ಬಂತು, ರಷ್ಯಾ ಯಾಕೆ ಹೋಯಿತು?

ಎರಡೂ 1917ರ ಕತೆ. ಜರ್ಮನಿ ಜಲಾಂತರ್ಗಾಮಿಗಳಿಂದ ಸಿಕ್ಕ ಹಡಗನ್ನೆಲ್ಲ ಮುಳುಗಿಸತೊಡಗಿತು. ಸಾಲದ್ದಕ್ಕೆ ಅದರ ವಿದೇಶಾಂಗ ಮಂತ್ರಿ ಜಿಮ್ಮರ್‌ಮನ್ ಮೆಕ್ಸಿಕೊಗೆ ಗುಟ್ಟಿನ ತಂತಿ ಕಳಿಸಿದ. ನೀವು ಅಮೆರಿಕದ ಮೇಲೆ ಬಿದ್ದರೆ ಟೆಕ್ಸಾಸ್, ನ್ಯೂ ಮೆಕ್ಸಿಕೊ, ಅರಿಜೋನಾ ವಾಪಸ್ ಪಡೆಯಲು ಸಹಾಯ ಮಾಡ್ತೀವಿ ಅಂತ. ಅದು ಬ್ರಿಟಿಷರ ಕೈಗೆ ಸಿಕ್ಕಿತು. ಏಪ್ರಿಲ್ 6ರಂದು ಅಮೆರಿಕ ಯುದ್ಧ ಸಾರಿತು. ದಾರೀಲಿ ಹೋಗೋ ಮಾರಿಯನ್ನು ಮನೆಗೆ ಕರೆದದ್ದು ಅಂದರೆ ಇದು.

ರಷ್ಯಾದಲ್ಲಿ ಬ್ರೆಡ್ಡಿಗೆ ಕ್ಯೂ ನಿಂತ ಜನ ಬೀದಿಗಿಳಿದರು. ನಿಕೊಲಸ್ ಸಿಂಹಾಸನ ಬಿಟ್ಟ. ವರ್ಷ ಮುಗಿಯುವುದರೊಳಗೆ ಲೆನಿನ್ ಅಧಿಕಾರ ಹಿಡಿದು, 1918ರ ಮಾರ್ಚ್‌ನಲ್ಲಿ ಜರ್ಮನಿ ಹೇಳಿದ ಕಡೆ ಸಹಿ ಹಾಕಿ ಯುದ್ಧದಿಂದ ಹೊರಬಂದ.

ಯುರೋಪಿನವರ ಜಗಳಕ್ಕೆ ನಮ್ಮವರು ಯಾಕೆ ಹೋದರು?

ಬ್ರಿಟನ್ ಯುದ್ಧ ಸಾರಿದರೆ ಭಾರತವೂ ಸಾರಿದ ಹಾಗೆ. ಯಾರೂ ನಮ್ಮನ್ನು ಕೇಳಲಿಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಜನ ಕಡಲಾಚೆ ಹೋದರು. ಫ್ರಾನ್ಸ್, ಗಲಿಪೊಲಿ, ಪೂರ್ವ ಆಫ್ರಿಕಾ, ಇವತ್ತಿನ ಇರಾಕ್. ಅತಿ ಹೆಚ್ಚು ಜನ ಪಂಜಾಬಿನವರು. ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ. ಸುಮಾರು 74,000 ಜನ ವಾಪಸ್ ಬರಲಿಲ್ಲ. 1914ರ ಚಳಿಯಲ್ಲಿ ಎಷ್ಟೋ ಜನ ತೆಳು ಬಟ್ಟೆಯಲ್ಲೇ ಫ್ರಾನ್ಸಿನ ಕಂದಕದಲ್ಲಿ ನಿಂತಿದ್ದರು.

ಯುದ್ಧ ನಮ್ಮ ತೀರಕ್ಕೂ ಬಂತು. 1914ರ ಸೆಪ್ಟೆಂಬರ್ 22ರ ರಾತ್ರಿ ‘ಎಮ್ಡೆನ್’ ಅನ್ನುವ ಜರ್ಮನ್ ಹಡಗು ಮದರಾಸಿನ ಎಣ್ಣೆ ಟ್ಯಾಂಕ್‌ಗಳಿಗೆ ಗುಂಡು ಹೊಡೆದು ಓಡಿತು. ಗಟ್ಟಿ ಆಸಾಮಿಗೆ ‘ಎಮ್ಡನ್’ ಅನ್ನುವ ಮಾತು ತಮಿಳಿನಲ್ಲಿ ಹುಟ್ಟಿದ್ದು ಹೀಗೆ.

ಸಹಾಯ ಮಾಡಿದರೆ ಬ್ರಿಟಿಷರು ಸ್ವರಾಜ್ಯದ ಕಡೆ ಒಂದು ಹೆಜ್ಜೆ ಇಡುತ್ತಾರೆ ಅನ್ನುವ ಆಸೆ ನಮ್ಮ ನಾಯಕರಲ್ಲಿತ್ತು. ಗಾಂಧೀಜಿಯೇ 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನ ಸೇರಿಸಲು ಊರೂರು ತಿರುಗಿದರು. ಹೆಚ್ಚು ಜನ ಬರಲಿಲ್ಲ.

ಮೈಸೂರಿಗೂ ಈ ಯುದ್ಧಕ್ಕೂ ಸಂಬಂಧ ಇದೆಯಾ?

ಇದೆ, ಅದೂ ಚೆನ್ನಾಗೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧ ನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಮೈಸೂರು ಲ್ಯಾನ್ಸರ್ಸ್ ಅನ್ನುವ ಸಂಸ್ಥಾನದ ಕುದುರೆ ಪಡೆ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆ ಕಾಯಿತು. ಎದುರು ಇದ್ದದ್ದು ಜರ್ಮನಿ ಪರ ನಿಂತಿದ್ದ ತುರ್ಕಿ. ಆಮೇಲೆ ಪ್ಯಾಲೆಸ್ಟೈನ್ ಕಡೆ ನಡೆಯಿತು.

1918ರ ಸೆಪ್ಟೆಂಬರ್ 23, ಹೈಫಾ ಬಂದರು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆಯ ಹುದುಲು. ಬೆಟ್ಟದ ಮೇಲೆ ಫಿರಂಗಿ, ಕೆಳಗೆ ಮೆಷಿನ್ ಗನ್. ಕಾಲಾಳು ಪಡೆ ಇನ್ನೂ ಬಂದಿರಲಿಲ್ಲ. ಮೈಸೂರಿನ ಒಂದು ತುಕಡಿ ಬೆಟ್ಟ ಹತ್ತಿ ಫಿರಂಗಿಗಳ ಮೇಲೆ ಬಿತ್ತು. ಜೋಧಪುರದವರು ಕೆಳಗಿನಿಂದ ಕುದುರೆ ಓಡಿಸಿಕೊಂಡು ಊರಿಗೆ ನುಗ್ಗಿದರು. ಅವರ ನಾಯಕ ಮೇಜರ್ ದಲಪತ್ ಸಿಂಗ್ ಸತ್ತ. ಮಧ್ಯಾಹ್ನ ಕಳೆಯುವುದರಲ್ಲಿ ಊರು ಕೈಗೆ ಬಂತು. 1,300ಕ್ಕೂ ಹೆಚ್ಚು ತುರ್ಕಿ, ಜರ್ಮನ್ ಸೈನಿಕರು ಸೆರೆ ಸಿಕ್ಕರು. ಕೈಯಲ್ಲಿ ಇದ್ದದ್ದು ಭರ್ಜಿ ಮತ್ತು ಕತ್ತಿ!

ಹೈಫಾ ಎಲ್ಲರೂ ಹೇಳುತ್ತಾರೆ. ಹರಿತಾನ್ ಯಾರೂ ಹೇಳುವುದಿಲ್ಲ. ಅಕ್ಟೋಬರ್ 26ರಂದು ಸಿರಿಯಾದ ಅಲೆಪ್ಪೊ ಆಚೆ, ಹರಿತಾನ್ ಹತ್ತಿರ ಇವೇ ಎರಡು ಪಡೆಗಳು ಮತ್ತೆ ಕುದುರೆ ಓಡಿಸಿದವು. ಈ ಸಲ ತುರ್ಕರು ಜಾಸ್ತಿ ಇದ್ದರು. ನಷ್ಟ ಹೈಫಾಗಿಂತ ಹೆಚ್ಚಾಯಿತು. ನಾಲ್ಕು ದಿನಕ್ಕೆ, ಅಕ್ಟೋಬರ್ 30ಕ್ಕೆ, ತುರ್ಕಿ ಕದನವಿರಾಮಕ್ಕೆ ಸಹಿ ಹಾಕಿತು.

ಒಟ್ಟು ಎಷ್ಟು ಜನ ಸತ್ತರು?

ಸೈನಿಕರೇ ಸುಮಾರು 90 ಲಕ್ಷದಿಂದ 1 ಕೋಟಿ. ಹಸಿವು, ರೋಗ, ಕಗ್ಗೊಲೆಗೆ ಸಿಕ್ಕ ಜನಸಾಮಾನ್ಯರದ್ದು ಬೇರೆ. ಆಟೊಮನ್ ಆಡಳಿತದಲ್ಲಿ 1915ರಿಂದ ಆರ್ಮೇನಿಯನ್ನರ ನರಮೇಧ ನಡೆಯಿತು. ಲಕ್ಷಾಂತರ ಜನರನ್ನು ಕೊಂದರು, ಮರುಭೂಮಿಗೆ ಅಟ್ಟಿ ಸಾಯಿಸಿದರು.

ಕೊನೆಯ ದಿನವೂ ಸಾವು ನಿಲ್ಲಲಿಲ್ಲ. 1918ರ ನವೆಂಬರ್ 11ರ ಬೆಳಗಿನ ಜಾವ 5ರ ಹೊತ್ತಿಗೆ ಕದನವಿರಾಮಕ್ಕೆ ಸಹಿ ಬಿತ್ತು. ಜಾರಿ ಮಾತ್ರ 11 ಗಂಟೆಗೆ. ಆ ಆರು ಗಂಟೆಯಲ್ಲೂ ದಾಳಿಗಳು ನಡೆದವು.

ಇದರ ಮೇಲೆ ಇನ್‌ಫ್ಲುಯೆಂಜಾ. ಸ್ಪೇನ್ ಯುದ್ಧದಲ್ಲಿ ಇರಲಿಲ್ಲ, ಅಲ್ಲಿನ ಪತ್ರಿಕೆಗಳು ಕಾಯಿಲೆ ಬಗ್ಗೆ ಮುಚ್ಚುಮರೆ ಇಲ್ಲದೆ ಬರೆದವು. ಅದಕ್ಕೇ ‘ಸ್ಪ್ಯಾನಿಷ್ ಫ್ಲೂ’ ಅಂತ ಅವರ ಹೆಸರಿಗೆ ಅಂಟಿತು. ಸೈನಿಕರ ಹಡಗಿನ ಜೊತೆ ಅದು ಬಾಂಬೆಗೆ ಬಂದು ದೇಶವೆಲ್ಲ ಹಬ್ಬಿತು. ಭಾರತದಲ್ಲೇ ಕಡಿಮೆ ಅಂದರೂ 1.2 ಕೋಟಿ ಸಾವು. ಯುದ್ಧದಲ್ಲಿ ಸತ್ತ ನಮ್ಮವರ ನೂರಕ್ಕೂ ಹೆಚ್ಚು ಪಟ್ಟು. 1911ರಿಂದ 1921ರ ನಡುವೆ ದೇಶದ ಜನಸಂಖ್ಯೆ ಏರಲಿಲ್ಲ, ಇಳಿಯಿತು. ಜನಗಣತಿ ಶುರುವಾದ ಮೇಲೆ ಹಾಗೆ ಆದದ್ದು ಅದೊಂದೇ ದಶಕ.

ವರ್ಸೇಲ್ಸ್ ಒಪ್ಪಂದದಿಂದಲೇ ಎರಡನೇ ಮಹಾಯುದ್ಧ ಬಂತು ಅನ್ನುತ್ತಾರಲ್ಲ?

ಪರೀಕ್ಷೆಯಲ್ಲಿ ಹಾಗೇ ಬರೆಯಿರಿ, ಅಂಕ ಸಿಗುತ್ತದೆ. ವಿಷಯ ಅಷ್ಟು ಸರಳ ಅಲ್ಲ.

1919ರ ಜೂನ್ 28ರಂದು, ಅಂದರೆ ಸರಯೇವೊ ಕೊಲೆ ಆಗಿ ಸರಿಯಾಗಿ ಐದು ವರ್ಷಕ್ಕೆ, ಸೋತ ಜರ್ಮನಿಯ ಜೊತೆಗಿನ ಈ ಶಾಂತಿ ಒಪ್ಪಂದಕ್ಕೆ ಸಹಿ ಆಯಿತು. ಜರ್ಮನಿ ನೆಲ ಕಳೆದುಕೊಂಡಿತು. ಸೈನ್ಯ 1 ಲಕ್ಷ ದಾಟಬಾರದು ಅಂದರು. 231ನೇ ವಿಧಿಯಲ್ಲಿ ಯುದ್ಧದ ಹೊಣೆ ಹೊರಿಸಿದರು. 1921ರಲ್ಲಿ ದಂಡ ಗೊತ್ತು ಮಾಡಿದರು, 13,200 ಕೋಟಿ ಚಿನ್ನದ ಮಾರ್ಕ್. 1923ರಲ್ಲಿ ಜರ್ಮನಿಯ ಹಣ ಕಸವಾಯಿತು. ನವೆಂಬರ್‌ನಲ್ಲಿ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್! ಉಳಿತಾಯ ಮಾಡಿದ್ದ ಮಧ್ಯಮ ವರ್ಗ ಬೀದಿಗೆ ಬಿತ್ತು.

ಆದರೆ ಅದಾದ ಮೇಲೆ ಜರ್ಮನಿ ಚೇತರಿಸಿಕೊಂಡಿತು. 1928ರ ಚುನಾವಣೆಯಲ್ಲಿ ಹಿಟ್ಲರನ ಪಕ್ಷಕ್ಕೆ ಬಂದ ಮತ ಶೇ 2.6 ಮಾತ್ರ. 1929ರ ಆರ್ಥಿಕ ಕುಸಿತ ಬಂದು ಲಕ್ಷಾಂತರ ಜನ ಕೆಲಸ ಕಳೆದುಕೊಂಡ ಮೇಲೆ, 1932ರ ಜುಲೈನಲ್ಲಿ ಅದು ಶೇ 37 ಆಯಿತು. ಒಪ್ಪಂದ ಅದೇ, ಹೊಟ್ಟೆಯ ಸ್ಥಿತಿ ಬೇರೆ.

ಇನ್ನೊಂದು ಮಾತು. ಕದನವಿರಾಮ ಆದಾಗ ಜರ್ಮನ್ ಸೈನ್ಯ ಇನ್ನೂ ಫ್ರಾನ್ಸ್, ಬೆಲ್ಜಿಯಂ ನೆಲದಲ್ಲಿತ್ತು. ಬರ್ಲಿನ್‌ನ ಜನ ಶತ್ರು ಸೈನಿಕನನ್ನು ಕಂಡೇ ಇರಲಿಲ್ಲ. ಸೈನ್ಯ ಸೋಲಲಿಲ್ಲ, ಒಳಗಿನವರೇ ಬೆನ್ನಿಗೆ ಚೂರಿ ಹಾಕಿದರು ಅನ್ನುವ ಸುಳ್ಳು ಅವರಿಗೆ ಸಲೀಸಾಗಿ ಇಳಿಯಿತು. ಸೋತು ಸುಣ್ಣವಾಗಿದ್ದ ಸೇನಾಪತಿಗಳೇ ಅದನ್ನು ಹಬ್ಬಿಸಿದರು. ನನ್ನ ಮಟ್ಟಿಗೆ 231ನೇ ವಿಧಿಗಿಂತ ಈ ಸುಳ್ಳು ಮಾಡಿದ ಹಾನಿ ಜಾಸ್ತಿ.

ದಂಡ ತೀರಿಸಲು ಎತ್ತಿದ ಸಾಲದ ಕೊನೆ ಕಂತು ಕಟ್ಟಿದ್ದು 2010ರ ಅಕ್ಟೋಬರ್ 3ರಂದು.

ಪಶ್ಚಿಮ ಏಷ್ಯಾದ ಇವತ್ತಿನ ಜಗಳಕ್ಕೂ ಇದಕ್ಕೂ ಕೊಂಡಿ ಇದೆಯಾ?

ಒಂದೇ ಸೈಟನ್ನು ಮೂವರಿಗೆ ಅಗ್ರಿಮೆಂಟ್ ಮಾಡಿಕೊಟ್ಟರೆ ಏನಾಗುತ್ತದೆ? ಬ್ರಿಟನ್ ಮಾಡಿದ್ದು ಅದನ್ನೇ. ತುರ್ಕಿ ವಿರುದ್ಧ ಎದ್ದರೆ ಸ್ವತಂತ್ರ ರಾಜ್ಯ ಕೊಡ್ತೀವಿ ಅಂತ ಅರಬ್ಬರಿಗೆ ಮಾತು ಕೊಟ್ಟಿತು. 1916ರಲ್ಲಿ ಫ್ರಾನ್ಸ್ ಜೊತೆ ಗುಟ್ಟಾಗಿ ಅದೇ ನೆಲ ಹಂಚಿಕೊಂಡಿತು. ಅದಕ್ಕೆ ಸೈಕ್ಸ್–ಪಿಕೊ ಒಪ್ಪಂದ ಅಂತ ಹೆಸರು. 1917ರ ನವೆಂಬರ್ 2ರಂದು ಪ್ಯಾಲೆಸ್ಟೈನ್‌ನಲ್ಲಿ ಯಹೂದಿಗಳಿಗೆ ನೆಲೆ ಮಾಡಿಕೊಡುವುದಕ್ಕೆ ಬೆಂಬಲ ಅಂತ ಬ್ರಿಟನ್ನಿನ ವಿದೇಶಾಂಗ ಮಂತ್ರಿ ಬಾಲ್‌ಫರ್ ಪತ್ರ ಬರೆದ. ಸಿರಿಯಾ, ಇರಾಕ್, ಲೆಬನಾನ್ ಅನ್ನುವ ದೇಶಗಳು ಇವತ್ತಿನ ರೂಪಕ್ಕೆ ಬಂದದ್ದು ಆ ಹಂಚಿಕೆಯ ಮೇಲೆ.

ಭಾರತಕ್ಕೆ ಏನು ಸಿಕ್ಕಿತು?

ರೌಲಟ್ ಕಾಯ್ದೆ ಸಿಕ್ಕಿತು. ವಿಚಾರಣೆ ಇಲ್ಲದೆ ಜೈಲಿಗೆ ಹಾಕುವ ಕಾಯ್ದೆ. ಅದನ್ನು ವಿರೋಧಿಸಿ ಪಂಜಾಬ್ ಕುದಿಯುತ್ತಿದ್ದಾಗ, 1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗ್‌ನಲ್ಲಿ ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದರು. ಅತಿ ಹೆಚ್ಚು ಸೈನಿಕರನ್ನು ಕಳಿಸಿದ ಪ್ರಾಂತ್ಯಕ್ಕೆ ಸಿಕ್ಕ ಬಹುಮಾನ ಅದು. ಮರುವರ್ಷ ಅಸಹಕಾರ ಚಳವಳಿ ಶುರುವಾಯಿತು. ಸೈನ್ಯಕ್ಕೆ ಜನ ಕೂಡಿಸಿದ್ದ ಗಾಂಧೀಜಿಯೇ ಅದರ ಮುಂದೆ ನಿಂತರು.

ಆಗಲೇ ಇದನ್ನು ‘ಮೊದಲನೇ’ ಯುದ್ಧ ಅಂತ ಕರೆಯುತ್ತಿದ್ದರಾ?

ಸಾಮಾನ್ಯವಾಗಿ ಇಲ್ಲ. ‘ಮಹಾಯುದ್ಧ’ ಅಷ್ಟೇ. ಎರಡನೆಯದು ಬಂದ ಮೇಲೆ ಇದಕ್ಕೆ ನಂಬರ್ ಬಿತ್ತು.

ಇದರ ಗುರುತು ನಮ್ಮ ಕಡೆ ಎಲ್ಲಾದರೂ ಇದೆಯಾ?

ದೆಹಲಿಯ ಇಂಡಿಯಾ ಗೇಟ್ ಗೊತ್ತೇ ಇದೆ. ಅಲ್ಲಿಯೇ ತೀನ್ ಮೂರ್ತಿ ವೃತ್ತದ ಮೂರು ಕಂಚಿನ ಸೈನಿಕರು ಮೈಸೂರು, ಜೋಧಪುರ, ಹೈದರಾಬಾದ್ ಕುದುರೆ ಪಡೆಗಳ ಪ್ರತಿನಿಧಿಗಳು. 2018ರಲ್ಲಿ ಆ ವೃತ್ತದ ಹೆಸರಿಗೆ ‘ಹೈಫಾ’ ಸೇರಿಸಿದರು.

ಬೆಂಗಳೂರಿನಲ್ಲೇ ಎರಡು ಇವೆ. ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ. ಇನ್ನೊಂದು, ಬ್ರಿಗೇಡ್ ರೋಡ್ ರೆಸಿಡೆನ್ಸಿ ರೋಡಿಗೆ ಸೇರುವ ಕಡೆ ನಿಂತಿರುವ ಕಲ್ಲು ಕಂಬ. ಪಯನಿಯರ್ ಪಡೆಗಳಲ್ಲಿ ಸತ್ತವರದ್ದು. ಪೂರ್ವ ಆಫ್ರಿಕಾ, ಮೆಸಪೊಟೇಮಿಯಾದವರೆಗೆ (ಇವತ್ತಿನ ಇರಾಕ್) ಹೋಗಿ ರಸ್ತೆ ಮಾಡಿದ, ಕಂದಕ ತೋಡಿದ, ಹೋರಾಡಿದ ಪಡೆಗಳು ಅವು. ಎಷ್ಟೋ ಸಲ ಅದರ ಪಕ್ಕದಲ್ಲೇ ಸಿಗ್ನಲ್‌ಗೆ ಕಾಯುತ್ತಾ ನಿಂತು, ಇದೇನು ಅಂತ ನಾನೂ ನೋಡಿರಲಿಲ್ಲ.